ಕೀರನ್ ಎಂದರೆ ಕಿರಣವಲ್ಲ

ಮೈಸೂರಿನ ಎಷ್ಟೋ ಮನೆಗಳಲ್ಲಿ ಮಗುವಿಗೆ ಹೆಸರು ಹುಡುಕುವ ಕೆಲಸ ಈಗಲೂ ಒಂಟಿಕೊಪ್ಪಲ್ ಪಂಚಾಂಗದಿಂದಲೇ ಶುರುವಾಗುತ್ತದೆ. ಮಗು ಮೃಗಶಿರಾ ನಕ್ಷತ್ರದ ನಾಲ್ಕನೆಯ ಪಾದದಲ್ಲಿ ಹುಟ್ಟಿದ್ದರೆ ಅವಕಹಡ ಚಕ್ರದ ಪ್ರಕಾರ ಬರುವ ಅಕ್ಷರ ‘ಕಿ’. ಕಿಶೋರ, ಕಿರಣ, ಕೀರ್ತಿ ಎಂದು ಪಟ್ಟಿ ಬೆಳೆಯುತ್ತದೆ. ಅಪ್ಪ ಅಮ್ಮ ಡಬ್ಲಿನ್ನಿನಲ್ಲೋ ಲಂಡನ್ನಿನಲ್ಲೋ ಕೆಲಸದಲ್ಲಿದ್ದರೆ ಆ ಪಟ್ಟಿಗೆ ಕೀರನ್ ಎಂಬ ಹೆಸರೂ ಸೇರುತ್ತದೆ. ಅಲ್ಲಿಯವರ ನಾಲಿಗೆಗೆ ಸಲೀಸು, ಇಲ್ಲಿಯ ಅಜ್ಜಿಯ ಕಿವಿಗೂ ಹಿತ. ‘ನಮ್ಮ ಕಿರಣಾನೇ ಅಲ್ವೇನಮ್ಮ, ಅವರು ಸ್ವಲ್ಪ ಎಳೆದು ಹೇಳ್ತಾರೆ ಅಷ್ಟೆ’ ಎಂದರೆ ಮಾತು ಮುಗಿದಂತೆ.

ಹೆಸರೇನೂ ನಮಗೆ ಹೊಸದಲ್ಲ. 2010ರಿಂದ ಮುಂಬೈ ಇಂಡಿಯನ್ಸ್‌ಗೆ ಆಡಿದ ಟ್ರಿನಿಡಾಡಿನ ಕ್ರಿಕೆಟಿಗ ಪೊಲಾರ್ಡ್ ಅದನ್ನು ಮನೆಮನೆಗೂ ತಲುಪಿಸಿದರು. ಕನ್ನಡದ ಕ್ರೀಡಾಪುಟಗಳಲ್ಲಿ ಅವರು ಒಮ್ಮೆ ಕೀರನ್, ಇನ್ನೊಮ್ಮೆ ಕೀರಾನ್, ಮತ್ತೊಮ್ಮೆ ಕಿರಾನ್. ಐರ್ಲೆಂಡಿನ ಹೆಸರೊಂದು ಕೆರೀಬಿಯನ್ ದ್ವೀಪ ಸುತ್ತಿಕೊಂಡು ನಮ್ಮ ಟೀವಿಗೆ ಬಂದದ್ದು ಹೀಗೆ. ಅದರ ಜೊತೆಗೆ ಒಂದಿಷ್ಟು ತಪ್ಪು ಕಲ್ಪನೆಗಳೂ ಬೆಳೆದಿವೆ.

ತಪ್ಪು ಕಲ್ಪನೆ: ಎರಡೂ ಹೆಸರಿನ ಅರ್ಥ ಬೆಳಕು

ಕೀರನ್ ಎಂಬುದು ಇಂಗ್ಲಿಷ್ ಬರವಣಿಗೆಗೆ ಹೊಂದಿಕೊಂಡ ರೂಪ. ಐರಿಷ್ ಭಾಷೆಯಲ್ಲಿ ಅದು ಕೀಅರಾನ್. ‘ಕೀಅರ್’ ಎಂದರೆ ಕಪ್ಪು, ಕಡುಗಪ್ಪು. ಕೊನೆಯ ‘ಆನ್’ ಮುದ್ದಿಗೆ ಹಚ್ಚುವ ಪ್ರತ್ಯಯ. ಅಂದರೆ ‘ಪುಟ್ಟ ಕರಿಯ’. ಈ ಹೆಸರಿನ ಸಂತರು ಐರ್ಲೆಂಡಿನಲ್ಲಿ ಹಲವರಿದ್ದಾರೆ. ಅವರಲ್ಲಿ ದೊಡ್ಡ ಹೆಸರು ಆರನೆಯ ಶತಮಾನದಲ್ಲಿ ಶ್ಯಾನನ್ ನದಿಯ ದಂಡೆಯ ಮೇಲೆ ಕ್ಲಾನ್‌ಮಕ್‌ನಾಯ್ಸ್ ಮಠವನ್ನು ಕಟ್ಟಿದ ಕೀಅರಾನ್‌ನದು. ನೈಋತ್ಯದ ಕೆರಿ ಪ್ರಾಂತಕ್ಕೂ ಹೆಸರು ಬಂದದ್ದು ಇದೇ ಮೂಲದಿಂದ: ‘ಕೀಅರ್’ ಎಂಬ ಮೂಲಪುರುಷನ ಕುಲದವರ ನಾಡು ಅದು.

ನಮ್ಮ ಕಿರಣದ ಕತೆ ಬೇರೆ. ಅದು ಚೆಲ್ಲು, ಎರಚು ಎಂಬರ್ಥದ ‘ಕೄ’ ಧಾತುವಿನಿಂದ ಬಂದ ಸಂಸ್ಕೃತ ಪದ. ಋಗ್ವೇದದಲ್ಲಿ ಅದಕ್ಕೆ ಸಣ್ಣ ಧೂಳು ಎಂಬ ಅರ್ಥವೇ ಇದೆ. ಚೆದುರಿ ಹಾರುವ ಧೂಳಿನ ಕಣದಿಂದ ಚೆದುರಿ ಬೀಳುವ ಬೆಳಕಿನ ಗೆರೆಗೆ ಪದ ಸಾಗಿ ಬಂದಿದೆ. ಈ ಪಯಣ ಎಷ್ಟು ಚೆಲುವಾಗಿದೆಯೆಂದರೆ, ಕಿರಣ ಎಂದು ಹೆಸರಿಟ್ಟವರೆಲ್ಲ ಇದನ್ನು ಮಗುವಿಗೆ ಹೇಳಬೇಕು.

ಹಾಗಾದರೆ ಕೀರನ್‌ಗೆ ಅರ್ಥದಲ್ಲಿ ಸರಿಸಾಟಿಯಾದ ಹೆಸರು ಮೈಸೂರಿನಲ್ಲಿ ಯಾವುದು? ಕೃಷ್ಣ. ಕೃಷ್ಣ ಎಂದರೂ ಕಪ್ಪೇ. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನ ಮೊದಲ ಭಾಗ, ಕೃಷ್ಣರಾಜಸಾಗರದ ಮೊದಲ ಭಾಗ. ಶ್ಯಾಮ, ಕಾಳ, ಕರಿಯಪ್ಪ ಇವೆಲ್ಲವೂ ಕೀರನ್‌ನ ಓರಗೆಯವರೇ. ಕೊಡಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರನ್ನು ಇಂಗ್ಲಿಷಿನಲ್ಲಿ ಸಿ ಅಕ್ಷರದಿಂದ ಬರೆಯುತ್ತಾರೆ, ಐರಿಷ್ ಕೀಅರಾನ್ ಶುರುವಾಗುವುದೂ ಅದೇ ಅಕ್ಷರದಿಂದ.

ಇಲ್ಲಿ ಎಚ್ಚರ ತಪ್ಪಿದರೆ ಇನ್ನೊಂದು ಹಳ್ಳ ಕಾದಿದೆ. ‘ಕೀಅರ್’ ಮತ್ತು ನಮ್ಮ ‘ಕರಿ’ ಎರಡೂ ಕಪ್ಪೇ, ಎರಡರಲ್ಲೂ ಕಕಾರ ರಕಾರಗಳಿವೆ; ಹಾಗಾಗಿ ಎರಡೂ ಒಂದೇ ಬೇರಿನವು ಎಂದು ವಾದಿಸುವ ಉತ್ಸಾಹಿಗಳಿದ್ದಾರೆ. ಕರಿ ದ್ರಾವಿಡ ಪದ. ತಮಿಳು, ಮಲಯಾಳಗಳಲ್ಲೂ ಅದರ ಒಡಹುಟ್ಟುಗಳಿವೆ. ಕೀಅರ್ ಇಂಡೋ-ಯುರೋಪಿಯನ್ ಪದ; ನರೆತ ಬಿಳುಪನ್ನು ಹೇಳುವ ಇಂಗ್ಲಿಷಿನ ‘ಹೋರ್’ ಅದರ ದಾಯಾದಿ. ಸದ್ದು ಒಂದಾದದ್ದು ಆಕಸ್ಮಿಕ.

ತಪ್ಪು ಕಲ್ಪನೆ: ಕಿಯಾರಾ ಎಂದರೆ ಹೊಳೆಯುವವಳು, ಅದಕ್ಕೆ ಬೇರೆ ಅರ್ಥವೇ ಇಲ್ಲ

ಹೆಣ್ಣುಮಕ್ಕಳ ಹೆಸರಿನಲ್ಲಿ ಗೊಂದಲ ಇನ್ನೂ ದೊಡ್ಡದು. 2010ರ ‘ಅಂಜಾನಾ ಅಂಜಾನಿ’ ಚಿತ್ರದಲ್ಲಿ ಪ್ರಿಯಾಂಕಾ ಚೋಪ್ರಾ ನಿರ್ವಹಿಸಿದ ಪಾತ್ರದ ಹೆಸರು ಕಿಯಾರಾ. ಕಿಯಾರಾ ಅಡ್ವಾಣಿ ತಮ್ಮ ತೆರೆಯ ಹೆಸರನ್ನು ಆಯ್ದುಕೊಂಡದ್ದು ಅಲ್ಲಿಂದ. ಅವರ ಪ್ರಸಿದ್ಧಿಯೊಂದಿಗೆ ಹೆಸರು ಮೈಸೂರಿನ ಅಂಗನವಾಡಿ, ನರ್ಸರಿಗಳಿಗೂ ಬಂತು.

ಇಟಲಿಯ ಕಿಯಾರಾ ನಿಜಕ್ಕೂ ಬೆಳಕಿನ ಹುಡುಗಿ. ಲ್ಯಾಟಿನ್ನಿನ ‘ಕ್ಲಾರಾ’, ಅಂದರೆ ತಿಳಿಯಾದ, ಪ್ರಕಾಶವಾದ ಎಂಬ ಪದ ಅದರ ಮೂಲ. ಅಸ್ಸಿಸಿಯ ಸಂತ ಕ್ಲಾರಾಳ ಹೆಸರು ಅದೇ. ಐರ್ಲೆಂಡಿನ ಕೀರಾ ಕೀರನ್‌ನ ಸ್ತ್ರೀರೂಪ, ಅಂದರೆ ಕರಿಯಳು. ರೋಮನ್ ಅಕ್ಷರದಲ್ಲಿ ಬರೆದಾಗ ಎರಡೂ ಒಂದರೊಳಗೊಂದು ಬೆರೆತುಹೋಗುತ್ತವೆ. ಹೆಸರಿನ ಪುಸ್ತಕಗಳು ಒಂದರ ಅರ್ಥವನ್ನು ಇನ್ನೊಂದಕ್ಕೆ ಅಂಟಿಸುತ್ತವೆ.

ಈ ಬೆರಕೆಯಲ್ಲಿ ಮನಸ್ಸಿಗೆ ಚುಚ್ಚುವ ಸಂಗತಿಯೊಂದಿದೆ. ಹಳೆ ಮೈಸೂರಿನ ಹಳ್ಳಿಗಳಲ್ಲಿ ಕರಿಯಮ್ಮ, ಕಾಳಮ್ಮ, ಕರಿಯ, ಕಾಳಯ್ಯ ಎಂದು ಅಕ್ಕರೆಯಿಂದಲೂ ಭಕ್ತಿಯಿಂದಲೂ ಇಡುತ್ತಿದ್ದ ಹೆಸರುಗಳು ಒಂದೆರಡು ತಲೆಮಾರಿನಲ್ಲಿ ನಾಚಿಕೆಯ ಹೆಸರುಗಳಾಗಿಬಿಟ್ಟವು. ಶಾಲೆಗೆ ಸೇರಿಸುವಾಗಲೇ ಅವನ್ನು ಬದಲಿಸಿದವರುಂಟು. ಅದೇ ಅರ್ಥದ ಹೆಸರು ಸಮುದ್ರ ದಾಟಿ ಬಂದರೆ ಕೇಕ್ ಮೇಲೆ ಬರೆಸಿ ಸಂಭ್ರಮಿಸುತ್ತೇವೆ. ಕೀರನ್ ಎಂದು ಹೆಸರಿಡುವುದರಲ್ಲಿ ತಪ್ಪೇನೂ ಇಲ್ಲ. ಅದರ ಅರ್ಥ ಕರಿಯ ಎಂದು ತಿಳಿದೂ ಇಟ್ಟರೆ ಅದು ಇನ್ನೂ ಒಳ್ಳೆಯದು, ಏಕೆಂದರೆ ಆಗ ತಾತನ ಕರಿಯಪ್ಪ ಎಂಬ ಹೆಸರೂ ಮೊಮ್ಮಗನ ಹೆಸರಿನಲ್ಲಿ ಉಳಿಯುತ್ತದೆ.

ಬೆಳಕೇ ಬೇಕೆನ್ನುವವರಿಗೆ ಐರಿಷ್ ಭಾಷೆಯಲ್ಲಿ ಬೇರೆ ಹೆಸರಿದೆ: ನೀವ್. ಕಾಂತಿ, ಹೊಳಪು ಎಂಬುದು ಅದರ ಅರ್ಥ.

ತಪ್ಪು ಕಲ್ಪನೆ: ಕೊನೆಯಕ್ಷರ ಒಂದಾದರೆ ಪ್ರಾಸ

ಅಣ್ಣ ಕೀರನ್, ತಮ್ಮ ರಯನ್, ಚಿಕ್ಕಪ್ಪನ ಮಗ ಏಡನ್. ‘ಪ್ರಾಸಬದ್ಧವಾಗಿದೆ’ ಎಂದು ಮನೆಯವರಿಗೆ ಹೆಮ್ಮೆ. ಇಂಗ್ಲಿಷಿನವರ ಕಿವಿಗೆ ಇಲ್ಲಿ ಪ್ರಾಸವಿಲ್ಲ. ಅವರ ಲೆಕ್ಕದಲ್ಲಿ ಒತ್ತು ಬೀಳುವ ಸ್ವರದಿಂದ ಪದದ ತುದಿಯವರೆಗೆ ಎಲ್ಲ ಸದ್ದೂ ಒಂದಾಗಬೇಕು. ರಯನ್‌ಗೆ ಬ್ರಯನ್, ಲಯನ್ ಹೊಂದುತ್ತವೆ. ಏಡನ್‌ಗೆ ಹೇಡನ್, ಜೇಡನ್. ಕೀರನ್‌ಗೆ ಒತ್ತು ‘ಕೀ’ ಮೇಲೆ ಬೀಳುವುದರಿಂದ ಅದಕ್ಕೆ ಸಂಗಾತಿ ಸಿಗುವುದು ಬಲು ಕಷ್ಟ.

ಕನ್ನಡದ ಲೆಕ್ಕ ಇನ್ನೂ ಸೂಕ್ಷ್ಮ. ನಮ್ಮ ಕಾವ್ಯಪರಂಪರೆಯಲ್ಲಿ ಪ್ರಾಸವೆಂದರೆ ಮುಖ್ಯವಾಗಿ ಆದಿಪ್ರಾಸ: ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು. ಸ್ವರ ಯಾವುದಾದರೂ ಆದೀತು. ಆದರೆ ಅದಕ್ಕೆ ಮುಂಚಿನ ಅಕ್ಷರ ಎಲ್ಲ ಸಾಲಿನಲ್ಲೂ ಒಂದೇ ತೂಕದ್ದಾಗಿರಬೇಕು. ಹತ್ತನೆಯ ಶತಮಾನದ ನಾಗವರ್ಮನ ‘ಛಂದೋಂಬುಧಿ’ಯಿಂದ ಬಂದ ಪರಂಪರೆ ಇದನ್ನು ಆರು ಬಗೆಯಾಗಿ ವಿಂಗಡಿಸಿ ಪ್ರಾಣಿಗಳ ಹೆಸರಿಟ್ಟಿದೆ: ಸಿಂಹ, ಗಜ, ವೃಷಭ, ಅಜ, ಶರಭ, ಹಯ. ಹ್ರಸ್ವದ ಮುಂದೆ ಬಿಡಿ ವ್ಯಂಜನ ಬಂದರೆ ಸಿಂಹ, ದೀರ್ಘದ ಮುಂದೆ ಬಂದರೆ ಗಜ, ಅನುಸ್ವಾರ ಹಿಂದಿದ್ದರೆ ವೃಷಭ.

ಈಗ ಎರಡು ಹೆಸರನ್ನೂ ಆ ತಕ್ಕಡಿಗೆ ಹಾಕಿ ನೋಡಬಹುದು. ಕಿರಣದಲ್ಲಿ ‘ಕಿ’ ಹ್ರಸ್ವ. ಚರಣ, ಶರಣ, ಅರುಣ, ವರುಣ, ಸುರಭಿ ಇವೆಲ್ಲ ಅದರ ಸಾಲಿನಲ್ಲಿ ನಿಲ್ಲುತ್ತವೆ, ಅದು ಸಿಂಹಪ್ರಾಸ. ಕೀರನ್‌ನಲ್ಲಿ ‘ಕೀ’ ದೀರ್ಘ. ವೀರ, ನೀರು, ಧಾರೆ, ಮಾರುತ ಇವು ಅದರ ಜೊತೆಗಾರರು, ಅದು ಗಜಪ್ರಾಸ. ಸಿಂಹ ಗಜಗಳನ್ನು ಒಂದೇ ಪದ್ಯದಲ್ಲಿ ಬೆರೆಸಿದರೆ ಹಳೆಯ ಕವಿಗಳ ಪ್ರಕಾರ ದೋಷ. ನಮ್ಮ ಕಿವಿ ಒಂದೇ ಎಂದು ಒಪ್ಪಿಕೊಂಡ ಎರಡು ಹೆಸರುಗಳನ್ನು ನಮ್ಮದೇ ಛಂದಸ್ಸು ಸಾವಿರ ವರ್ಷದ ಹಿಂದೆಯೇ ಬೇರೆ ಬೇರೆ ಕೊಟ್ಟಿಗೆಯಲ್ಲಿ ಕಟ್ಟಿಟ್ಟಿತ್ತು.

ಈ ಆದಿಪ್ರಾಸದ ಕಟ್ಟನ್ನು 1911ರಲ್ಲಿ ಬಿಟ್ಟು ಬರೆದವರು ಮಂಜೇಶ್ವರದ ಗೋವಿಂದ ಪೈ. ಆಮೇಲೆ ಅದನ್ನು ದೊಡ್ಡ ಪ್ರಮಾಣದಲ್ಲಿ ಬಿಟ್ಟವರು ಮೈಸೂರಿನ ಕುವೆಂಪು. ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯದ ಮಹಾಛಂದಸ್ಸು ಪ್ರಾಸದ ನಿಯಮಕ್ಕೆ ಕಟ್ಟುಬೀಳದೆ ಹರಿಯುತ್ತದೆ.

ತಪ್ಪು ಕಲ್ಪನೆ: ಕುವೆಂಪುಗೆ ಕನ್ನಡದಲ್ಲಿ ಬರೆ ಎಂದದ್ದು ಇಂಗ್ಲೆಂಡಿನ ಕವಿ

1924ರಲ್ಲಿ ಮೈಸೂರಿಗೆ ಬಂದಿದ್ದ ಕವಿಯೊಬ್ಬರಿಗೆ ವಿದ್ಯಾರ್ಥಿ ಪುಟ್ಟಪ್ಪ (ಮುಂದಿನ ಕುವೆಂಪು) ತನ್ನ ಇಂಗ್ಲಿಷ್ ಕವಿತೆಗಳನ್ನು ತೋರಿಸಿದ್ದು, ಅವರು ನಿನ್ನ ಭಾಷೆಯಲ್ಲೇ ಬರೆ ಎಂದದ್ದು ಕನ್ನಡಿಗರಿಗೆಲ್ಲ ಗೊತ್ತು. ‘ಆಂಗ್ಲ ಕವಿ’ ಎಂದು ಬಾಯಿಮಾತಿನಲ್ಲಿ ಹೇಳುವವರು ಈಗಲೂ ಬಹಳ. ಆದರೆ ಆ ಕವಿ, ಜೇಮ್ಸ್ ಕಸಿನ್ಸ್, 1873ರಲ್ಲಿ ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಐರಿಷ್ ಮನುಷ್ಯ. ಇಂಗ್ಲಿಷಿನ ನೆರಳಿನಲ್ಲಿ ತಮ್ಮ ನಾಡಿನ ಭಾಷೆ ಸೊರಗಿದ್ದನ್ನು ಕಂಡವರು. ಅವರ ಸಲಹೆಯ ಬೆಲೆ ತಿಳಿಯಬೇಕಾದರೆ ಈ ವಿವರ ಬೇಕೇ ಬೇಕು. ಜಗನ್ಮೋಹನ ಅರಮನೆಯ ಚಿತ್ರಶಾಲೆ ರೂಪುಗೊಂಡದ್ದರಲ್ಲೂ ಅವರ ಕೈಯಿದೆ.

ಕಸಿನ್ಸ್ ‘ಮ್ಯಾಕ್ ಒಶೀನ್’ ಎಂಬ ಕಾವ್ಯನಾಮದಲ್ಲೂ ಬರೆದರು. ಐರಿಷ್ ಪುರಾಣದಲ್ಲಿ ಒಶೀನ್ ಎಂಬ ವೀರನನ್ನು ಯೌವನದ ನಾಡಿಗೆ ಕರೆದೊಯ್ಯುವವಳು ಮೇಲೆ ಹೇಳಿದ ಹೊಳಪಿನ ಹುಡುಗಿ ನೀವ್. ಭಾರತದಲ್ಲಿ ನೆಲೆಸಿದ ಮೇಲೆ ಅವರು ಜಯರಾಮ್ ಎಂಬ ಹೆಸರನ್ನೂ ಇಟ್ಟುಕೊಂಡರು. ಜೇಮ್ಸ್ ಹೀಬ್ರೂವಿನ ಯಾಕೋಬನಿಂದ ಬಂದದ್ದು. ಜಯರಾಮನೊಂದಿಗೆ ಅರ್ಥದ ನಂಟು ಇಲ್ಲ, ಮೊದಲಕ್ಷರದ ಸದ್ದು ಮಾತ್ರ ಸಮೀಪ.

ಕುವೆಂಪು ತಮ್ಮ ಮಕ್ಕಳಿಗೆ ಇಟ್ಟ ಹೆಸರುಗಳಲ್ಲಿ ಇಂಥ ಗೊಂದಲಕ್ಕೆ ಜಾಗ ಕಡಿಮೆ: ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ತಾರಿಣಿ ಎಂದರೆ ತಾರೆ ಎಂದುಕೊಳ್ಳುವವರಿದ್ದಾರೆ, ಅದು ದಾಟಿಸುವವಳು.

ತಪ್ಪು ಕಲ್ಪನೆ: ಐರಿಷರಿಗೂ ನಮ್ಮ ಪದಗಳಿಗೂ ನಂಟಿದ್ದರೆ ಅದು ಕಿವಿಗೇ ಕೇಳಬೇಕು

ಶೀಲಾ ಎಂಬ ಹೆಸರು ಎರಡೂ ಕಡೆ ಇದೆ. ಐರ್ಲೆಂಡಿನ ಶೀಲಾ ರೋಮಿನ ಸಿಸಿಲಿಯಾಳ ಐರಿಷ್ ರೂಪ; ಆ ಮೂಲದ ಲ್ಯಾಟಿನ್ ಪದಕ್ಕೆ ಕುರುಡು ಎಂಬ ಅರ್ಥ. ನಮ್ಮ ಶೀಲಾ ನಡತೆಯವಳು. ದಿಲ್ಲಿಯ ಮುಖ್ಯಮಂತ್ರಿಯಾಗಿದ್ದ ಶೀಲಾ ದೀಕ್ಷಿತ್ ತಮ್ಮ ಹೆಸರನ್ನು ಐರಿಷ್ ಹೆಸರಿನ ಸ್ಪೆಲಿಂಗಿನಲ್ಲೇ ಬರೆಯುತ್ತಿದ್ದರು, ಹೆಸರು ಮಾತ್ರ ಅಚ್ಚ ಭಾರತದ್ದು. ಶಿವಾನ್ ಎಂದು ಉಚ್ಚರಿಸುವ ಐರಿಷ್ ಹೆಣ್ಣು ಹೆಸರಿನಲ್ಲಿ ಶಿವನನ್ನು ಕಂಡವರೂ ಇದ್ದಾರೆ. ಅದು ಜಾನ್ ಎಂಬ ಹೆಸರಿನ ಸ್ತ್ರೀರೂಪ, ಫ್ರೆಂಚ್ ದಾರಿಯಲ್ಲಿ ಬಂದದ್ದು. ಅದನ್ನು ಬರೆಯುವಾಗ ಬಿ, ಎಚ್ ಸೇರಿಸುತ್ತಾರೆ. ನಾವು ‘ಭ’ ಎಂದು ಓದುತ್ತೇವೆ, ಅವರಿಗೆ ಅದು ‘ವ’. ಐರಿಷ್ ಕಾಗುಣಿತ ಅಡ್ಡಾದಿಡ್ಡಿ ಎಂಬ ಮಾತು ಅನ್ಯಾಯದ್ದು. ಅದರ ಹಳೆಯ ವರ್ಣಮಾಲೆಯಲ್ಲಿ ಇದ್ದದ್ದು 18 ಅಕ್ಷರ, ಅದರಲ್ಲಿ ಕೆ ಇಲ್ಲ, ವಿ ಕೂಡ ಇಲ್ಲ. ಅದಕ್ಕೇ ಕೀಅರಾನ್‌ಗೆ ಸಿ, ಶಿವಾನ್‌ಗೆ ಬಿ-ಎಚ್.

ಐರ್ಲೆಂಡಿನ ಸ್ವಂತ ಹೆಸರಾದ ‘ಏರ’ ಎಂಬುದು ‘ಆರ್ಯ’ದಿಂದ ಬಂತು ಎಂಬ ನಂಬಿಕೆ ಹತ್ತೊಂಬತ್ತನೆಯ ಶತಮಾನದಿಂದ ಗಟ್ಟಿಯಾಗಿ ಕೂತಿದೆ. ಭಾಷಾಶಾಸ್ತ್ರ ಇದನ್ನು ಒಪ್ಪಿಲ್ಲ. ಐರಿಷ್ ಸೇರಿದ ಕೆಲ್ಟಿಕ್ ಭಾಷೆಗಳು ಬಹು ಹಿಂದೆಯೇ ಮೂಲದ ಪಕಾರವನ್ನು ಕಳೆದುಕೊಂಡವು. ಹಾಗಾಗಿ ನಮ್ಮ ‘ಪಿತೃ’ ಅಲ್ಲಿ ‘ಅಹಿರ್’. ಇದೇ ನಿಯಮದಂತೆ ‘ಏರ’ದ ತಲೆಯಲ್ಲೂ ಒಂದು ಪಕಾರ ಬಿದ್ದುಹೋಗಿದೆ. ಅದರ ನಿಜವಾದ ಸಂಬಂಧಿ ಸಂಸ್ಕೃತದ ‘ಪೀವರೀ’: ಕೊಬ್ಬಿದ, ಸಮೃದ್ಧವಾದ. ಫಲವತ್ತಾದ ನಾಡು ಎಂಬುದೇ ಆ ದ್ವೀಪದ ಹೆಸರು.

ನಂಟು ಇರುವುದು ಹೀಗೆ, ಸದ್ದು ದೂರವಾದ ಕಡೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ನುಗಳ ಜೊತೆ ಕೆಲ್ಟಿಕ್ ಕೂಡ ಒಂದೇ ಮೂಲದ್ದಿರಬಹುದು ಎಂದು ಭಾಷಾವಿದ್ವಾಂಸ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತದಲ್ಲಿ ಹೇಳಿದ್ದು ಮುಂದೆ ನಿಜವಾಯಿತು. ಐರಿಷ್ ಪುರಾಣದ ರಾಣಿ ಮೇವ್‌ಳ ಹೆಸರಿನಲ್ಲಿ ಇರುವುದು ಜೇನಿನ ಮದ್ಯ, ನಮ್ಮ ‘ಮಧು’ವಿನ ಬಂಧು. ಏಡನ್ ಎಂದರೆ ಪುಟ್ಟ ಬೆಂಕಿ. ಅಡುಗೆ ಅನಿಲದ ಬಿಲ್ಲಿನಲ್ಲಿ ಕಾಣುವ ‘ಇಂಧನ’ ಅದೇ ಬೇರಿನದು. ಸಂತ ಬ್ರಿಜಿಡ್‌ಳ ಹೆಸರಿನ ಅರ್ಥ ಎತ್ತರದವಳು. ಆಕೆಯ ಹಬ್ಬಕ್ಕೆ ಐರ್ಲೆಂಡಿನಲ್ಲಿ 2023ರಿಂದ ಸರ್ಕಾರಿ ರಜೆ. ಸಂಸ್ಕೃತದ ‘ಬೃಹತೀ’ ಆಕೆಯ ಅಕ್ಕ. ‘ಬೃಹತ್ ಬೆಂಗಳೂರು’ ಎನ್ನುವಾಗಲೆಲ್ಲ ನಾವು ಆಡುವುದು ಆ ಮನೆಯದೇ ಮಾತು. ಇವೆಲ್ಲ ಸಂಸ್ಕೃತದ ಮೂಲಕ ಕನ್ನಡಕ್ಕೆ ಬಂದ ನೆಂಟರು. ಕರಿ, ಕೆಂಪು, ಬಿಳಿ ಎಂಬ ನಮ್ಮ ಅಚ್ಚಗನ್ನಡ ಪದಗಳಿಗೆ ಈ ವಂಶಾವಳಿಯಲ್ಲಿ ಪಾಲಿಲ್ಲ.

ತಪ್ಪು ಕಲ್ಪನೆ: ನಕ್ಷತ್ರದ ಅಕ್ಷರವೇ ನಾಮಕರಣದ ಹಳೆಯ ಶಾಸ್ತ್ರ

27 ನಕ್ಷತ್ರಕ್ಕೆ ನಾಲ್ಕು ಪಾದದಂತೆ 108 ಅಕ್ಷರ ಹಂಚುವ ಚಕ್ರ ಜ್ಯೋತಿಷದ್ದು. ನಾಮಕರಣವನ್ನು ವಿಧಿಸುವ ಆಶ್ವಲಾಯನ ಗೃಹ್ಯಸೂತ್ರ ಬೇರೆಯದೇ ನಿಯಮ ಹೇಳುತ್ತದೆ: ಗ, ಜ, ದ, ಬ ಮುಂತಾದ ಘೋಷಾಕ್ಷರದಿಂದ ಹೆಸರು ಆರಂಭವಾಗಲಿ, ನಡುವೆ ಯ ರ ಲ ವಗಳಲ್ಲೊಂದು ಇರಲಿ, ಗಂಡಿಗೆ ಸರಿಸಂಖ್ಯೆಯ ಅಕ್ಷರ, ಹೆಣ್ಣಿಗೆ ಬೆಸ. ಈ ಸೂತ್ರದ ಪ್ರಕಾರ ಮೂರಕ್ಷರದ, ಕಕಾರದಿಂದ ಶುರುವಾಗುವ ಕಿರಣ ಗಂಡುಮಗುವಿಗೆ ಹೊಂದುವುದೇ ಇಲ್ಲ. ಪಂಚಾಂಗದ ಅಕ್ಷರ ಒಂದು ಪದ್ಧತಿ. ಅದನ್ನು ಬಿಟ್ಟರೆ ಶಾಸ್ತ್ರಕ್ಕೆ ಭಂಗವೆಂದು ಯಾರೂ ಅಂಜಬೇಕಿಲ್ಲ.

ಕೊನೆಯದಾಗಿ ಪಾಲಿಕೆಯ ಕಚೇರಿಯ ವಿಷಯ. ಕರ್ನಾಟಕದ ಜನನ ಪ್ರಮಾಣಪತ್ರದಲ್ಲಿ ಹೆಸರು ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರುತ್ತದೆ. ಹುಟ್ಟನ್ನು ನೋಂದಾಯಿಸಿ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ತಡವಾದರೆ ಶುಲ್ಕ ಕಟ್ಟಿ 15 ವರ್ಷದವರೆಗೂ ಅವಕಾಶವಿದೆ. ಆಯ್ದ ಹೆಸರು ಕೀರನ್ ಆಗಿದ್ದರೆ ಕನ್ನಡದ ಜಾಗದಲ್ಲಿ ‘ಕಿರಣ್’ ಎಂದು ಬರೆಸುವುದು ಬೇಡ. ಮೊದಲಕ್ಷರಕ್ಕೆ ದೀರ್ಘ, ಕೊನೆಗೆ ದಂತ್ಯ ನಕಾರ: ಕೀರನ್.