ಒಂದು ದಿನ ಬರ್ಲಿಲ್ಲ ಅಂದ್ರೆ ಎಷ್ಟು ಸಂಬಳ ಕಟ್ ಮಾಡಬಹುದು?

ಈ ಎಪಿಸೋಡ್‌ನಲ್ಲಿ ಸ್ಯಾಲರಿ ಸ್ಲಿಪ್‌ನ ಒಂದೇ ಒಂದು ಸಾಲಿನ ಬಗ್ಗೆ ಮಾತಾಡೋಣ. ಎಲ್‌ಒಪಿ, ಅಂದ್ರೆ ಲಾಸ್ ಆಫ್ ಪೇ. ಕೆಲಸಕ್ಕೆ ಬರದ ದಿನದ ಸಂಬಳ ಕಟ್. 'ಅದು ಕಂಪನಿ ಪಾಲಿಸಿ' ಅಂತ ಎಚ್‌ಆರ್ ಹೇಳಿದ ತಕ್ಷಣ ತುಂಬಾ ಜನ ಸುಮ್ಮನಾಗ್ತಾರೆ. ಆದರೆ ಪಾಲಿಸಿ ಕಾನೂನಿಗಿಂತ ದೊಡ್ಡದಲ್ಲ.

ಮೊದಲು ನೋಡಬೇಕಾದ್ದು ಕಟ್ ಅಲ್ಲ, ರಜೆ. ಕರ್ನಾಟಕದ ಅಂಗಡಿ, ಶೋರೂಮ್, ಖಾಸಗಿ ಆಫೀಸ್‌ಗಳಿಗೆ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಅದರ ಪ್ರಕಾರ ನೀವು ಕೆಲಸ ಮಾಡಿದ ಪ್ರತಿ 20 ದಿನಕ್ಕೆ 1 ದಿನ ಸಂಬಳ ಸಹಿತ ರಜೆ. ಇದರ ಜೊತೆಗೆ ಕಾಯಿಲೆ, ಅಪಘಾತ ಅಥವಾ ಬೇರೆ ಸರಿಯಾದ ಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ. ಜ್ವರ ಬಂದು ಎರಡು ದಿನ ಮಲಗಿದ್ದಕ್ಕೆ ಎಲ್‌ಒಪಿ ಹಾಕಿದ್ರೆ, ಮೊದಲು ಕೇಳಬೇಕಾದ ಪ್ರಶ್ನೆ ಇದು: ನನ್ನ 12 ದಿನದಲ್ಲಿ ಎಷ್ಟು ಉಳಿದಿದೆ?

ಇನ್ನು, ರಜೆ ನಿಜವಾಗಲೂ ಮುಗಿದಿದೆ ಅಂದ್ಕೊಳ್ಳಿ. ಆಗ ಕಟ್ ಮಾಡಬಹುದು, ಆದರೆ ಅದಕ್ಕೂ ಲೆಕ್ಕ ಇದೆ. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ಈ ನಿಯಮ, 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಇದೆ: ಎಷ್ಟು ಹೊತ್ತು ಗೈರೋ ಅಷ್ಟು ಹೊತ್ತಿನ ಸಂಬಳ ಮಾತ್ರ, ಅದಕ್ಕಿಂತ ಜಾಸ್ತಿ ಇಲ್ಲ.

ನಾನು ಬಿಕಾಂ ಓದಿದವನು, ಲೆಕ್ಕ ಹಾಕದೆ ಇರಕ್ಕಾಗಲ್ಲ. ಸಂಬಳ 18,000, ತಿಂಗಳಿಗೆ 30 ದಿನ ಅಂದ್ರೆ ದಿನಕ್ಕೆ 600 ರೂಪಾಯಿ. ಒಂದು ದಿನ ಬರಲಿಲ್ಲ ಅಂತ 1,200 ಕಟ್ ಆದ್ರೆ, ಎರಡನೇ 600 ಯಾವುದಕ್ಕೆ ಅಂತ ಕೇಳಿ.

ಈಗ 'ಮೂರು ಸಲ ಲೇಟ್ ಬಂದ್ರೆ ಒಂದು ದಿನ ಕಟ್' ಅನ್ನೋ ರೂಲ್. ಹತ್ತತ್ತು ನಿಮಿಷ ಮೂರು ಸಲ, ಒಟ್ಟು ಅರ್ಧ ಗಂಟೆ. 8 ಗಂಟೆ ಕೆಲಸಕ್ಕೆ 600 ಅಂದ್ರೆ ಅರ್ಧ ಗಂಟೆಗೆ 37 ರೂಪಾಯಿ 50 ಪೈಸೆ. ಕಟ್ ಆಗೋದು 600! 'ಇದು ದಂಡ' ಅಂದ್ರೂ ನಡೆಯಲ್ಲ. ದಂಡಕ್ಕೆ ಆ ತಿಂಗಳ ವೇತನದ ಶೇ. 3ರ ಮಿತಿ ಇದೆ. 18,000ಕ್ಕೆ 540. ದಂಡ ಹಾಕೋ ಮೊದಲು ನಿಮ್ಮ ಮಾತು ಕೇಳಲೇಬೇಕು.

ಒಂದು ಎಚ್ಚರಿಕೆ. ಹತ್ತು ಅಥವಾ ಹೆಚ್ಚು ಜನ ಮಾತಾಡ್ಕೊಂಡು, ಸರಿಯಾದ ಕಾರಣ ಇಲ್ಲದೆ, ಒಪ್ಪಂದದಲ್ಲಿರೋ ನೋಟಿಸ್ ಕೊಡದೆ ಒಟ್ಟಿಗೆ ಗೈರಾದ್ರೆ, ಗೈರಿನ ಲೆಕ್ಕದ ಮೇಲೆ 8 ದಿನದವರೆಗಿನ ಸಂಬಳ ಕಟ್ ಮಾಡೋಕೆ ಅವಕಾಶ ಇದೆ. ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ 'ನಾಳೆ ಯಾರೂ ಹೋಗೋದು ಬೇಡ' ಅನ್ನೋ ಮುಂಚೆ ಇದು ನೆನಪಿರಲಿ.

ಹಾಗಾದ್ರೆ ಮಾಡೋದೇನು? ಜಗಳ ಬೇಡ, ಒಂದು ಇಮೇಲ್ ಸಾಕು. 'ಯಾವ ದಿನಕ್ಕೆ, ಯಾವ ಲೆಕ್ಕದಲ್ಲಿ ಕಟ್ ಆಗಿದೆ, ನನ್ನ ರಜೆ ಎಷ್ಟು ಬಾಕಿ ಇದೆ ಅಂತ ದಯವಿಟ್ಟು ತಿಳಿಸಿ.' ಆಫರ್ ಲೆಟರ್, ಸ್ಯಾಲರಿ ಸ್ಲಿಪ್, ಹಾಜರಾತಿಯ ಸ್ಕ್ರೀನ್‌ಶಾಟ್ ನಿಮ್ಮ ಫೋನ್‌ನಲ್ಲಿರಲಿ. ಕೆಲಸ ಬಿಟ್ಟ ದಿನ ಆಫೀಸ್ ಲಾಗಿನ್ ಬಂದ್ ಆಗುತ್ತೆ. ಉತ್ತರ ಬರದಿದ್ರೆ ಕಾರ್ಮಿಕ ಇಲಾಖೆಗೆ ಹೋಗಿ. ಹೊಸ ಸಂಹಿತೆಯಲ್ಲಿ ಬಾಕಿ ಕೇಳೋಕೆ 3 ವರ್ಷ ಸಮಯ ಇದೆ.

ಇವತ್ತೇ ಕಳೆದ ತಿಂಗಳ ಸ್ಲಿಪ್ ತೆಗೆದು ಒಂದು ಸಲ ಭಾಗಾಕಾರ ಮಾಡಿ ನೋಡಿ. ಮುಂದಿನ ವಾರ ಸಿಗೋಣ.