ಹ್ಯಾಂಗರ್ ಹರಟೆಯ ಬೆಲೆ

ಅಮೆರಿಕದ ಸಣ್ಣ ವಿಮಾನನಿಲ್ದಾಣಗಳಲ್ಲಿ ಹವ್ಯಾಸಿ ಪೈಲಟ್‌ಗಳು ರಜಾದಿನ ಬಂತೆಂದರೆ ಹ್ಯಾಂಗರ್‌ನಲ್ಲಿ ಸೇರಿ ಗಂಟೆಗಟ್ಟಲೆ ಹರಟುತ್ತಾರೆ. ಮಾತು ಬಹುಪಾಲು ಹಳೆಯ ವಿಮಾನಗಳದ್ದೇ. ನೋಡುವವರಿಗೆ ಇದು ಬರೀ ಕಾಲಹರಣ; ಆದರೆ ಈ ಹರಟೆ ನಿಂತುಹೋಗಿದ್ದರೆ ಎಂಬತ್ತು ವರ್ಷ ದಾಟಿದ ವಿಮಾನಗಳು ಇಂದು ಇಷ್ಟೊಂದು ಸಂಖ್ಯೆಯಲ್ಲಿ ಹಾರುತ್ತಿರಲಿಲ್ಲ ಎಂಬುದು ನನ್ನ ವಾದ. ಪೈಪರ್ ಜೆ-3 ಕಬ್ ವಿಮಾನವನ್ನೇ ನೋಡಿ. 1938ರಿಂದ 1947ರವರೆಗೆ ಸುಮಾರು 20,000 ಕಬ್‌ಗಳು ತಯಾರಾದವು. ಉಕ್ಕಿನ ಕೊಳವೆಗಳ ಚೌಕಟ್ಟು, ಮೇಲೆ ಬಟ್ಟೆಯ ಹೊದಿಕೆ, ಹೆಚ್ಚಿನವಕ್ಕೆ 65 ಅಶ್ವಶಕ್ತಿಯ ಎಂಜಿನ್. ಸ್ಟಾರ್ಟರ್ ಇಲ್ಲದ್ದರಿಂದ ಪ್ರೊಪೆಲ್ಲರನ್ನು ಕೈಯಿಂದಲೇ ತಿರುಗಿಸಿ ಚಾಲೂ ಮಾಡಬೇಕು. ಪೆಟ್ರೋಲ್ ಎಷ್ಟಿದೆಯೆಂದು ತೋರಿಸುವುದು ಕಾರ್ಕ್ ಬೆಂಡಿಗೆ ಸಿಕ್ಕಿಸಿದ ಒಂದು ತಂತಿ. ತೂಕ ಸರಿದೂಗಬೇಕಾದ್ದರಿಂದ ಒಬ್ಬರೇ ಹಾರುವಾಗ ಹಿಂದಿನ ಸೀಟಿನಲ್ಲೇ ಕೂರಬೇಕು. ಮೂರನೆಯ ಚಕ್ರ ಬಾಲದಲ್ಲಿದೆ, ವಿಮಾನದ ಭಾರಕೇಂದ್ರ ಮುಂದಿನ ಚಕ್ರಗಳಿಗಿಂತ ಹಿಂದಿದೆ. ಹಾಗಾಗಿ ಇಳಿಯುವಾಗ ಸ್ವಲ್ಪ ಓರೆಯಾದರೂ ಬಾಲ ಮುಂದಕ್ಕೆ ನುಗ್ಗಲು ಹವಣಿಸುತ್ತದೆ, ತಡೆಯದಿದ್ದರೆ ವಿಮಾನ ನೆಲದ ಮೇಲೇ ಗಿರಕಿ ಹೊಡೆಯುತ್ತದೆ. ಕಾರಣವನ್ನು ಪುಸ್ತಕ ವಿವರಿಸುತ್ತದೆ. ಅಡ್ಡಗಾಳಿಯಲ್ಲಿ ರಡ್ಡರ್ ಪೆಡಲನ್ನು ಯಾವ ಗಳಿಗೆಯಲ್ಲಿ, ಎಷ್ಟು ಒತ್ತಬೇಕು ಎಂಬುದು ಮಾತ್ರ ಅನುಭವಿಗಳ ಜೊತೆ ಕುಳಿತು, ಹಾರಿ, ಮತ್ತೆ ಕೇಳಿ ತಿಳಿಯುವ ವಿದ್ಯೆ.

ಹರಟೆಯಲ್ಲಿ ತಪ್ಪೂ ಹರಡುವುದಿಲ್ಲವೇ ಎಂಬ ಆಕ್ಷೇಪ ಹಗುರವಾದದ್ದಲ್ಲ. 2018ರ ಆಗಸ್ಟ್ 4ರಂದು ಸ್ವಿಟ್ಜರ್ಲೆಂಡಿನ ಪರ್ವತಗಳ ನಡುವೆ ಹಳೆಯ ಯುಂಕರ್ಸ್ ಯು-52 ಬಿದ್ದು ಅದರಲ್ಲಿದ್ದ 20 ಮಂದಿಯೂ ಸತ್ತರು. ಪೈಲಟ್‌ಗಳು ಅತಿ ಅಪಾಯಕರವಾಗಿ ಹಾರಿಸಿದ್ದರು, ಸುರಕ್ಷತಾ ನಿಯಮ ಮೀರುವುದು ಆ ವಿಮಾನ ನಡೆಸುತ್ತಿದ್ದ ಸಂಸ್ಥೆಯಲ್ಲಿ ರೂಢಿಯಾಗಿತ್ತು ಎಂದು ತನಿಖೆ ಹೇಳಿತು. ಇಬ್ಬರೂ ಅಪಾರ ಅನುಭವವಿದ್ದವರೇ. ಒಂದು ಗುಂಪು ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳತೊಡಗಿದರೆ ಅನುಭವವೇ ಉರುಳಾಗುತ್ತದೆ, ಒಪ್ಪುತ್ತೇನೆ. ಆದರೆ ಇದಕ್ಕೆ ಮದ್ದು ಮೌನವಲ್ಲ. ಹಿರಿಯರನ್ನೂ ಕಿರಿಯರು ಪ್ರಶ್ನಿಸಬಲ್ಲ, ತಪ್ಪಿದ ಲ್ಯಾಂಡಿಂಗನ್ನು ಮುಚ್ಚಿಡದೆ ಹೇಳಿಕೊಳ್ಳಬಲ್ಲ ಮಾತು ಬೇಕು. ಜೊತೆಗೆ ನಿಯಮಪುಸ್ತಕ, ಪ್ರಮಾಣಿತ ಮೆಕ್ಯಾನಿಕ್‌ನ ತಪಾಸಣೆ ಇರಲೇಬೇಕು.

ಹಳೆಯ ವಿಮಾನಗಳ ಈ ಬಾಯಿಮಾತಿನ ವಿದ್ಯೆಯಲ್ಲಿ ನಮಗೂ ಪಾಲಿದೆ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಎಚ್‌ಟಿ-2 ಕೂಡ ಬಾಲಚಕ್ರದ ತರಬೇತಿ ವಿಮಾನವೇ. 1951ರ ಆಗಸ್ಟ್‌ನಲ್ಲಿ ಮೊದಲು ಹಾರಿತು. ಅದರಲ್ಲಿ ಹಾರಲು ಕಲಿತವರು, ಅದರ ಎಂಜಿನ್ ಬಿಚ್ಚಿ ಜೋಡಿಸಿದವರು ಈಗ ಇಳಿವಯಸ್ಸಿನಲ್ಲಿದ್ದಾರೆ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಅಂಥವರಿದ್ದರೆ ಅವರನ್ನು ಮಾತಿಗೆಳೆಯಿರಿ, ಧ್ವನಿಮುದ್ರಿಸಿಕೊಳ್ಳಿ.