ಬೈಬಲ್ ವ್ಯಾಖ್ಯಾನ

ಬೈಬಲ್ ವ್ಯಾಖ್ಯಾನ ಎಂದರೆ ಯೆಹೂದ್ಯರ ಮತ್ತು ಕ್ರೈಸ್ತರ ಪವಿತ್ರಗ್ರಂಥವಾದ ಬೈಬಲನ್ನು ಓದುವ, ಅಭ್ಯಾಸ ಮಾಡುವ ಹಾಗೂ ಅರ್ಥೈಸುವ ಕ್ರಮ. ಈ ಕ್ರಮ ಒಂದೇ ಬಗೆಯದಲ್ಲ. ಆರಾಧನೆಯಲ್ಲಿ ಪಾಠವನ್ನು ಕೇಳುವ ಭಕ್ತರು, ಮನೆಯಲ್ಲಿ ದಿನಕ್ಕೊಂದು ಅಧ್ಯಾಯ ಓದುವವರು, ವಿಶ್ವವಿದ್ಯಾಲಯಗಳಲ್ಲಿ ಹೀಬ್ರೂ ಮತ್ತು ಗ್ರೀಕ್ ಹಸ್ತಪ್ರತಿಗಳನ್ನು ಹೋಲಿಸುವ ವಿದ್ವಾಂಸರು, ಹೀಗೆ ಬೇರೆ ಬೇರೆ ಜನರು ಬೇರೆ ಬೇರೆ ಪ್ರಶ್ನೆಗಳನ್ನಿಟ್ಟುಕೊಂಡು ಅದೇ ಗ್ರಂಥದ ಬಳಿಗೆ ಬರುತ್ತಾರೆ. ಆದರೆ ಪುಸ್ತಕವು ಓದುಗರ ಕೈಗೆ ಬರುವ ಮೊದಲೇ ಅನೇಕ ತೀರ್ಮಾನಗಳು ನಡೆದುಹೋಗಿರುತ್ತವೆ. ಯಾವ ಗ್ರಂಥಗಳು ಅದರಲ್ಲಿ ಸೇರಬೇಕು, ಯಾವ ಪಾಠ ಮೂಲಕ್ಕೆ ಹತ್ತಿರ, ಯಾವ ಶಬ್ದಕ್ಕೆ ಯಾವ ಅರ್ಥ ಎಂಬುದನ್ನು ಬೇರೆಯವರು ನಿರ್ಧರಿಸಿರುತ್ತಾರೆ. ಇಂದಿನ ಬೈಬಲ್ ಅಧ್ಯಯನದ ಬಹುಭಾಗವು ಈ ತೀರ್ಮಾನಗಳನ್ನು ಮತ್ತೆ ಬಿಚ್ಚಿ ನೋಡುವ ಕೆಲಸವಾಗಿದೆ.

ಗ್ರಂಥಗಳ ಸಮುಚ್ಚಯ

ಬೈಬಲ್ ಒಬ್ಬ ಲೇಖಕನ ಒಂದು ಪುಸ್ತಕವಲ್ಲ. ಕಥನ, ಕಾನೂನು, ವಂಶಾವಳಿ, ಪ್ರೇಮಗೀತೆ, ಗಾದೆ, ಶೋಕಗೀತೆ, ಪತ್ರ, ದರ್ಶನ ಮೊದಲಾದ ಪ್ರಕಾರಗಳು ಅದರಲ್ಲಿ ಸೇರಿವೆ. ಗ್ರಂಥಗಳ ಸಂಖ್ಯೆಯೂ ಎಲ್ಲರಿಗೂ ಒಂದೇ ಅಲ್ಲ. ಯೆಹೂದ್ಯರ ಎಣಿಕೆಯಲ್ಲಿ ಹೀಬ್ರೂ ಬೈಬಲಿನಲ್ಲಿ 24 ಗ್ರಂಥಗಳಿವೆ. ಪ್ರೊಟೆಸ್ಟೆಂಟರು ಅವನ್ನೇ ಬೇರೆ ರೀತಿಯಲ್ಲಿ ವಿಭಾಗಿಸಿ 39 ಎಂದು ಎಣಿಸಿ, ಹೊಸ ಒಡಂಬಡಿಕೆಯ 27ನ್ನು ಸೇರಿಸಿ 66 ಎನ್ನುತ್ತಾರೆ. ಕಥೋಲಿಕರ ಬೈಬಲಿನಲ್ಲಿ 73 ಗ್ರಂಥಗಳಿವೆ. ಇಥಿಯೋಪಿಯದ ಆರ್ಥೊಡಾಕ್ಸ್ ಸಭೆಯ ಪಟ್ಟಿ ಇನ್ನೂ ದೊಡ್ಡದು. ಹೀಗಾಗಿ 'ಬೈಬಲಿನಲ್ಲಿ ಹೀಗಿದೆ' ಎಂಬ ಮಾತು ಕೇಳಿದಾಗ 'ಯಾರ ಬೈಬಲಿನಲ್ಲಿ?' ಎಂದು ಕೇಳುವುದು ಉದ್ಧಟತನವಲ್ಲ.

ಅಧ್ಯಾಯ ಮತ್ತು ವಚನಗಳ ವಿಭಾಗವೂ ಮೂಲದಲ್ಲಿದ್ದುದಲ್ಲ. ಇಂದು ಬಳಕೆಯಲ್ಲಿರುವ ಅಧ್ಯಾಯ ವಿಭಾಗವನ್ನು 13ನೆಯ ಶತಮಾನದ ಆರಂಭದ ಸ್ಟೀಫನ್ ಲ್ಯಾಂಗ್ಟನ್ ಅವರದೆಂದು ಹೇಳಲಾಗುತ್ತದೆ. ಹೊಸ ಒಡಂಬಡಿಕೆಯ ವಚನಸಂಖ್ಯೆಗಳನ್ನು ಮುದ್ರಕ ರಾಬರ್ಟ್ ಎತಿಯೆನ್ 1551ರಲ್ಲಿ ಕೊಟ್ಟರು. ಹುಡುಕಲು ಇದರಿಂದ ಬಹಳ ಅನುಕೂಲವಾಯಿತು. ಆದರೆ ಒಂದು ದೀರ್ಘ ಪತ್ರದ ವಾದದಿಂದ ಒಂದು ವಾಕ್ಯವನ್ನು ಕಿತ್ತು ಸೂಕ್ತಿಯಂತೆ ಬಳಸುವ ಅಭ್ಯಾಸಕ್ಕೂ ಇದೇ ದಾರಿಮಾಡಿತು.

ಮೂಲಪಾಠದ ಶೋಧನೆ

ಬೈಬಲಿನ ಯಾವ ಗ್ರಂಥದ್ದೂ ಲೇಖಕನ ಕೈಬರಹದ ಪ್ರತಿ ಉಳಿದಿಲ್ಲ. ಇರುವುದೆಲ್ಲ ಪ್ರತಿಯ ಪ್ರತಿಗಳು. ಪಂಪ, ರನ್ನರ ಕಾವ್ಯಗಳನ್ನು ಸಂಪಾದಿಸುವವರು ತಾಳೆಗರಿ ಪ್ರತಿಗಳನ್ನು ಹೋಲಿಸಿ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುವುದನ್ನು ಬಲ್ಲ ಕನ್ನಡ ವಿದ್ಯಾರ್ಥಿಗಳಿಗೆ ಈ ಕೆಲಸ ಅಪರಿಚಿತವೇನಲ್ಲ. ವ್ಯತ್ಯಾಸವಿರುವುದು ಪ್ರಮಾಣದಲ್ಲಿ: ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳೇ 5,000ಕ್ಕೂ ಹೆಚ್ಚು. ಅವುಗಳ ಅಧಿಕೃತ ಪಟ್ಟಿಯನ್ನು ಜರ್ಮನಿಯ ಮ್ಯೂನ್‌ಸ್ಟರ್ ನಗರದಲ್ಲಿರುವ ಸಂಶೋಧನಾ ಸಂಸ್ಥೆಯು ನಿರ್ವಹಿಸುತ್ತದೆ.

ಪಾಠಾಂತರಗಳಲ್ಲಿ ಹೆಚ್ಚಿನವು ಕಾಗುಣಿತ ಮತ್ತು ಪದಕ್ರಮಕ್ಕೆ ಸಂಬಂಧಿಸಿದ ಸಣ್ಣ ವಿಷಯಗಳು. ಕೆಲವು ಮಾತ್ರ ಹಾಗಲ್ಲ. 4ನೆಯ ಶತಮಾನದ ಸಿನಾಯಿಟಿಕಸ್ ಮತ್ತು ವ್ಯಾಟಿಕಾನಸ್ ಎಂಬ ಎರಡು ಪ್ರಮುಖ ಪ್ರತಿಗಳಲ್ಲಿ ಮಾರ್ಕನ ಸುವಾರ್ತೆಯು 16ನೆಯ ಅಧ್ಯಾಯದ 8ನೆಯ ವಚನಕ್ಕೆ ಮುಗಿಯುತ್ತದೆ. ಸಮಾಧಿಯಿಂದ ಹೆಂಗಸರು ಭಯದಿಂದ ಓಡಿಹೋಗುವುದೇ ಅಲ್ಲಿ ಕೊನೆಯ ದೃಶ್ಯ. ಪುನರುತ್ಥಾನಗೊಂಡ ಯೇಸು ಶಿಷ್ಯರಿಗೆ ಕಾಣಿಸಿಕೊಳ್ಳುವ ಮುಂದಿನ ವಚನಗಳು ಅವುಗಳಲ್ಲಿ ಇಲ್ಲ. ವ್ಯಭಿಚಾರದ ಆರೋಪ ಹೊತ್ತ ಸ್ತ್ರೀಯನ್ನು ಯೇಸು ಪಾರುಮಾಡುವ, ಎಲ್ಲರಿಗೂ ಪ್ರಿಯವಾದ ಪ್ರಸಂಗವೂ ಯೋಹಾನನ ಸುವಾರ್ತೆಯ ಅತಿ ಹಳೆಯ ಪ್ರತಿಗಳಲ್ಲಿ ಕಾಣುವುದಿಲ್ಲ. ಇಂದಿನ ಅನೇಕ ಮುದ್ರಣಗಳು ಈ ಭಾಗಗಳನ್ನು ಕೈಬಿಡದೆ, ಕಂಸದೊಳಗಿಟ್ಟು ಟಿಪ್ಪಣಿ ಕೊಡುತ್ತವೆ. ಇದು ಪ್ರಾಮಾಣಿಕವಾದ ಕ್ರಮ.

ಹಳೆಯ ಒಡಂಬಡಿಕೆಯ ವಿಷಯದಲ್ಲಿ 1947ರ ಸುಮಾರಿಗೆ ಮೃತಸಮುದ್ರದ ಬಳಿಯ ಕುಮ್ರಾನ್ ಗವಿಗಳಲ್ಲಿ ದೊರೆಯತೊಡಗಿದ ಸುರುಳಿಗಳು ದೊಡ್ಡ ತಿರುವನ್ನು ತಂದವು. ಅವುಗಳಲ್ಲಿನ ಯೆಶಾಯನ ಸುರುಳಿಯು ಅದುವರೆಗೆ ತಿಳಿದಿದ್ದ ಸಂಪೂರ್ಣ ಹೀಬ್ರೂ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯದು. ಇಷ್ಟು ದೀರ್ಘ ಕಾಲದಲ್ಲಿ ಪಾಠವು ಬಹುಮಟ್ಟಿಗೆ ಸ್ಥಿರವಾಗಿ ಉಳಿದಿತ್ತೆಂಬುದು ಅದರಿಂದ ತಿಳಿಯಿತು. ಜೊತೆಗೆ ಯೆರೆಮೀಯನ ಗ್ರಂಥದಂಥವು ಒಂದು ಕಾಲದಲ್ಲಿ ದೀರ್ಘ ಮತ್ತು ಹ್ರಸ್ವ ಎಂಬ ಎರಡು ರೂಪಗಳಲ್ಲಿ ಪ್ರಚಾರದಲ್ಲಿದ್ದುದೂ ತಿಳಿಯಿತು.

ಯೂನ್ಯ: ಒಂದು ಹೆಸರಿನ ಚರಿತ್ರೆ

ಪಾಠ, ಅನುವಾದ ಮತ್ತು ಓದುಗರ ಪೂರ್ವಗ್ರಹ ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬುದಕ್ಕೆ ರೋಮಾಪುರದವರಿಗೆ ಬರೆದ ಪತ್ರಿಕೆಯ 16ನೆಯ ಅಧ್ಯಾಯದ 7ನೆಯ ವಚನ ಒಳ್ಳೆಯ ನಿದರ್ಶನ. ಅಲ್ಲಿ ಪೌಲನು ಆಂದ್ರೋನಿಕ ಮತ್ತು ಯೂನ್ಯ ಎಂಬಿಬ್ಬರಿಗೆ ವಂದನೆ ತಿಳಿಸುತ್ತಾನೆ. ಅವರಿಬ್ಬರೂ ತನ್ನೊಡನೆ ಸೆರೆಯಲ್ಲಿದ್ದವರು, ತನಗಿಂತ ಮೊದಲೇ ಕ್ರಿಸ್ತನನ್ನು ನಂಬಿದವರು, ಅಪೊಸ್ತಲರಲ್ಲಿ ಹೆಸರಾದವರು ಎಂಬುದು ಅವನ ಮಾತಿನ ಸಾರಾಂಶ.

ಯೂನ್ಯ ಗಂಡೋ ಹೆಣ್ಣೋ ಎಂಬುದೇ ಪ್ರಶ್ನೆ. ಹಳೆಯ ಗ್ರೀಕ್ ಪ್ರತಿಗಳಲ್ಲಿ ಸ್ವರಭಾರದ ಚಿಹ್ನೆಗಳಿರಲಿಲ್ಲ. ಆ ಹೆಸರಿಗೆ ಒಂದು ಬಗೆಯ ಚಿಹ್ನೆ ಹಾಕಿದರೆ ಸ್ತ್ರೀನಾಮ. ಇನ್ನೊಂದು ಬಗೆಯದನ್ನು ಹಾಕಿದರೆ ಪುರುಷನಾಮ. 4ನೆಯ ಶತಮಾನದ ಪ್ರಸಿದ್ಧ ಪ್ರವಚನಕಾರ ಜಾನ್ ಕ್ರಿಸೊಸ್ತೊಮ್, ಗ್ರೀಕ್ ಮಾತೃಭಾಷೆಯವನಾಗಿದ್ದು, ಯೂನ್ಯಳನ್ನು ಹೆಣ್ಣೆಂದೇ ತಿಳಿದು ಆಕೆಯನ್ನು ಹೊಗಳಿದ್ದಾನೆ. ಮಧ್ಯಯುಗದ ನಂತರ, ಹೆಣ್ಣೊಬ್ಬಳು ಅಪೊಸ್ತಲಳಾಗಿರಲು ಸಾಧ್ಯವೇ ಇಲ್ಲವೆಂಬ ನಂಬಿಕೆ ಬಲಿತಂತೆ, ಆಕೆ 'ಯೂನಿಯಾಸ್' ಎಂಬ ಪುರುಷನಾದಳು. ಲೂಥರನ ಜರ್ಮನ್ ಅನುವಾದದಲ್ಲಿ ಪುರುಷರೂಪವೇ ಇದೆ. ವಿದ್ವಾಂಸರೂ ಅನುವಾದಕರೂ ವ್ಯಾಪಕವಾಗಿ ಬಳಸುವ ನೆಸ್ಲೆ ಗ್ರೀಕ್ ಆವೃತ್ತಿಯಲ್ಲಿ 1927ರಲ್ಲಿ ಪುರುಷರೂಪ ಸೇರಿತು. ಸ್ತ್ರೀರೂಪ ಮರಳಿ ಬಂದದ್ದು 1998ರಲ್ಲಿ. ಈ ನಡುವಿನ ಏಳು ದಶಕಗಳಲ್ಲಿ ಹೊರಬಂದ ಅನೇಕ ಅನುವಾದಗಳು ಪುರುಷನನ್ನೇ ಮುದ್ರಿಸಿದವು.

ಈ ವಿವಾದದ ವಿಚಿತ್ರವೆಂದರೆ, ಯೂನಿಯಾಸ್ ಎಂಬ ಪುರುಷನಾಮ ಪ್ರಾಚೀನ ರೋಮಿನ ದಾಖಲೆಗಳಲ್ಲಿ ಸಿಕ್ಕಿಯೇ ಇಲ್ಲ. ಯೂನ್ಯ ಎಂಬ ಸ್ತ್ರೀನಾಮವಾದರೋ ಶಾಸನಗಳಲ್ಲಿ ನೂರಾರು ಸಲ ಬರುತ್ತದೆ. ಇರದಿದ್ದ ಗಂಡಸನ್ನು ವ್ಯಾಕರಣವೇ ಸೃಷ್ಟಿಸಿತು ಎನ್ನಬೇಕು. ಅಮೆರಿಕದ ವಿದ್ವಾಂಸ ಎಲ್ಡನ್ ಎಪ್ 2005ರಲ್ಲಿ ಪ್ರಕಟಿಸಿದ ಪುಸ್ತಕವೊಂದನ್ನು ಈ ಒಂದು ಹೆಸರಿಗೇ ಮೀಸಲಿಟ್ಟರು. ಈಗ ಯೂನ್ಯ ಹೆಣ್ಣೆಂಬುದನ್ನು ಬಹುತೇಕ ಎಲ್ಲರೂ ಒಪ್ಪುತ್ತಾರೆ. ಚರ್ಚೆ ಮುಂದಿನ ಪದಗಳಿಗೆ ಸರಿದಿದೆ: ಆಕೆ ಅಪೊಸ್ತಲರಲ್ಲೊಬ್ಬಳಾಗಿ ಹೆಸರಾದವಳೋ, ಅಪೊಸ್ತಲರಿಗೆ ಚಿರಪರಿಚಿತಳಾದವಳೋ? ಮಹಿಳೆಯರಿಗೆ ಗುರುದೀಕ್ಷೆ ಕೊಡಬಹುದೇ ಎಂಬ ಇಂದಿನ ಪ್ರಶ್ನೆ ಈ ವಾದದ ಬೆನ್ನಿಗಿದೆ.

ಕನ್ನಡದಲ್ಲಿ ಇಂಥ ಪ್ರಶ್ನೆಯಿಂದ ಅನುವಾದಕರು ನುಣುಚಿಕೊಳ್ಳುವುದು ಕಷ್ಟ. ಇಂಗ್ಲಿಷಿನಲ್ಲಿ ಹೆಸರಿನ ಹಿಂದೆ ಒಂದು ಉಪಪದವಿಟ್ಟರೆ ಸಾಕು. ಕನ್ನಡದಲ್ಲಿ ಚತುರ್ಥೀ ವಿಭಕ್ತಿ ಹಚ್ಚುವಾಗಲೇ 'ಯೂನ್ಯನಿಗೆ' ಎಂದೋ 'ಯೂನ್ಯಳಿಗೆ' ಎಂದೋ ಬರೆದು ಲಿಂಗವನ್ನು ನಿರ್ಣಯಿಸಬೇಕಾಗುತ್ತದೆ.

ಅನುವಾದ

ಜಗತ್ತಿನ ಬಹುಪಾಲು ಓದುಗರು ಬೈಬಲನ್ನು ಅನುವಾದದಲ್ಲೇ ಓದುತ್ತಾರೆ. ಸಂಪೂರ್ಣ ಬೈಬಲ್ ಇಂದು 700ಕ್ಕೂ ಹೆಚ್ಚು ಭಾಷೆಗಳಲ್ಲಿದೆ. ಅನುವಾದಕರು ಪದಕ್ಕೆ ಪದ ಇಡುವ ಕ್ರಮಕ್ಕೂ, ಭಾವವನ್ನು ಸಹಜ ಮಾತಿನಲ್ಲಿ ಹೇಳುವ ಕ್ರಮಕ್ಕೂ ನಡುವೆ ಎಲ್ಲಾದರೂ ನಿಲ್ಲಬೇಕಾಗುತ್ತದೆ. ಒಂದು ಪದದ ಆಯ್ಕೆಯೂ ಕಲಹಕ್ಕೆ ಕಾರಣವಾಗಬಲ್ಲದು. ಯೆಶಾಯನ ಗ್ರಂಥದ 7ನೆಯ ಅಧ್ಯಾಯದಲ್ಲಿ ಬರುವ 'ಅಲ್ಮಾ' ಎಂಬ ಹೀಬ್ರೂ ಪದಕ್ಕೆ ತರುಣಿ ಎಂದರ್ಥ. ಪ್ರಾಚೀನ ಗ್ರೀಕ್ ಅನುವಾದ ಅದಕ್ಕೆ ಕನ್ಯೆ ಎಂಬರ್ಥದ ಪದವನ್ನು ಬಳಸಿತು. ಮತ್ತಾಯನ ಸುವಾರ್ತೆ ಆ ಗ್ರೀಕ್ ಪಾಠವನ್ನೇ ಯೇಸುವಿನ ಜನನಕ್ಕೆ ಅನ್ವಯಿಸಿತು. 1952ರ ಇಂಗ್ಲಿಷ್ ಪರಿಷ್ಕೃತ ಅನುವಾದವು ಯೆಶಾಯನಲ್ಲಿ 'ತರುಣಿ' ಎಂಬರ್ಥದ ಪದವನ್ನು ಇಟ್ಟಾಗ ಅಮೆರಿಕದ ಪಾದ್ರಿಯೊಬ್ಬರು ಆ ಪುಟವನ್ನೇ ಸುಟ್ಟು ಪ್ರತಿಭಟಿಸಿದರು.

ಕನ್ನಡದ ಬೈಬಲ್ ಅನುವಾದವು 19ನೆಯ ಶತಮಾನದ ಮೊದಲ ದಶಕಗಳಲ್ಲಿ ಬಳ್ಳಾರಿಯಲ್ಲಿ, ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಮೊದಲಾದವರಿಂದ ಆರಂಭವಾಯಿತು. ಮುಂದೆ ಬಾಸೆಲ್ ಮಿಷನ್ನಿನವರೂ ಪರಿಷ್ಕರಣೆಯಲ್ಲಿ ತೊಡಗಿದರು. ಪ್ರೊಟೆಸ್ಟೆಂಟರಲ್ಲಿ ಬಳಕೆಯಲ್ಲಿರುವ 'ಸತ್ಯವೇದವು' ಎಂಬ ಹೆಸರೇ ಒಂದು ವ್ಯಾಖ್ಯಾನ: ಈ ನೆಲದ ಶ್ರೇಷ್ಠ ಪವಿತ್ರಗ್ರಂಥದ ಹೆಸರನ್ನು ತೆಗೆದುಕೊಂಡು, ಅದಕ್ಕೊಂದು ವಿಶೇಷಣವನ್ನೂ ಸೇರಿಸಿಕೊಂಡದ್ದು. ಹಳೆಯ ಅನುವಾದದಲ್ಲಿ ದೇವರ ಹೆಸರು 'ಯೆಹೋವನು'. ಸರಳ ಕನ್ನಡದ ಅನುವಾದದಲ್ಲಿ 'ಸರ್ವೇಶ್ವರ'. ಹಳೆಯದರಲ್ಲಿ ಯೇಸುವಿಗೆ 'ಆತನು' ಎಂಬ ಏಕವಚನ. ಹೊಸದರಲ್ಲಿ ಗೌರವದ ಬಹುವಚನ. ಗ್ರೀಕ್ ಮೂಲದಲ್ಲಿ ಈ ಬಗೆಯ ಗೌರವಸೂಚಕ ಭೇದವೇ ಇಲ್ಲ. ಒಂದು ಓದಿನಲ್ಲಿ ಯೇಸು ಹತ್ತಿರದವನು, ಇನ್ನೊಂದರಲ್ಲಿ ಪೂಜ್ಯರು; ಎರಡನ್ನೂ ಕೊಟ್ಟದ್ದು ಕನ್ನಡವೇ.

ಐತಿಹಾಸಿಕ ವಿಮರ್ಶೆ

ಮೋಶೆಯೇ ಬರೆದನೆನ್ನಲಾದ ಗ್ರಂಥದಲ್ಲಿ ಮೋಶೆಯ ಸಾವಿನ ವರ್ಣನೆ ಹೇಗೆ ಬಂತು? ಇಂಥ ಪ್ರಶ್ನೆಗಳನ್ನು 1670ರಲ್ಲಿ ಸ್ಪಿನೋಜಾ ತನ್ನ ಕೃತಿಯೊಂದರಲ್ಲಿ ಬಹಿರಂಗವಾಗಿ ಚರ್ಚಿಸಿದ. ಆದಿಕಾಂಡದ ಮೊದಲನೆಯ ಅಧ್ಯಾಯದಲ್ಲಿ ಪ್ರಾಣಿಗಳಾದ ಮೇಲೆ ಕೊನೆಯಲ್ಲಿ ಗಂಡುಹೆಣ್ಣುಗಳ ಸೃಷ್ಟಿ. ಎರಡನೆಯದರಲ್ಲಿ ಮೊದಲು ಗಂಡು, ಆಮೇಲೆ ಪ್ರಾಣಿಗಳು, ಕೊನೆಗೆ ಹೆಣ್ಣು. ಇಂಥ ವ್ಯತ್ಯಾಸಗಳನ್ನು ಆಧರಿಸಿ 19ನೆಯ ಶತಮಾನದ ಜರ್ಮನ್ ವಿದ್ವಾಂಸರು, ವಿಶೇಷವಾಗಿ ಯೂಲಿಯುಸ್ ವೆಲ್‌ಹೌಸನ್, ಮೊದಲ ಐದು ಗ್ರಂಥಗಳು ನಾಲ್ಕು ಬೇರೆ ಬೇರೆ ಆಕರಗಳಿಂದ ಹೆಣೆಯಲ್ಪಟ್ಟವೆಂದು ವಾದಿಸಿದರು. ಆ ನಾಲ್ಕರ ಅಚ್ಚುಕಟ್ಟಾದ ಲೆಕ್ಕವನ್ನು ಈಗ ಅನೇಕರು ಒಪ್ಪುವುದಿಲ್ಲ. ಅನೇಕ ಕೈಗಳು ಕೆಲಸ ಮಾಡಿವೆ ಎಂಬುದನ್ನು ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಒಪ್ಪಲಾಗಿದೆ. ಸುವಾರ್ತೆಗಳಲ್ಲಿ ಮಾರ್ಕನದು ಮೊದಲಿನದು, ಮತ್ತಾಯನೂ ಲೂಕನೂ ಅದನ್ನು ಬಳಸಿಕೊಂಡರು ಎಂಬುದು ಬಹುಜನ ವಿದ್ವಾಂಸರ ಅಭಿಪ್ರಾಯ.

ಕಥೋಲಿಕ ಸಭೆಯು ಈ ವಿಧಾನವನ್ನು ಬಹುಕಾಲ ಸಂಶಯದಿಂದ ನೋಡಿತು. 1943ರ ಪೋಪರ ಪರಿಪತ್ರ ಮೂಲಭಾಷೆಗಳ ಮತ್ತು ಸಾಹಿತ್ಯ ಪ್ರಕಾರಗಳ ಅಧ್ಯಯನಕ್ಕೆ ಬಾಗಿಲು ತೆರೆಯಿತು; 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಅದನ್ನು ದೃಢಪಡಿಸಿತು. ಇದಕ್ಕೆ ವ್ಯತಿರಿಕ್ತವಾಗಿ, 1978ರಲ್ಲಿ ಷಿಕಾಗೋದಲ್ಲಿ ಸೇರಿದ ಇವಾಂಜೆಲಿಕಲ್ ಮುಖಂಡರು ಬೈಬಲಿನ ಮೂಲಪ್ರತಿಗಳು ಯಾವ ವಿಷಯದಲ್ಲೂ ದೋಷರಹಿತವೆಂದು ಘೋಷಿಸಿದರು. ಆ ಮೂಲಪ್ರತಿಗಳು ಇಂದು ಇಲ್ಲವೆಂಬುದನ್ನು ಅವರೂ ಬಲ್ಲರು. ಆದ್ದರಿಂದಲೇ ಹಸ್ತಪ್ರತಿಗಳ ಶೋಧನೆಯಲ್ಲಿ ಇವರ ಪಂಥದ ವಿದ್ವಾಂಸರೂ ಅಷ್ಟೇ ಶ್ರದ್ಧೆಯಿಂದ ದುಡಿಯುತ್ತಾರೆ.

ಯೆಹೂದ್ಯರ ಅಧ್ಯಯನಕ್ರಮದ ಜಾಯಮಾನವೇ ಬೇರೆ. ಅವರ ವ್ಯಾಖ್ಯಾನಸಹಿತ ಮುದ್ರಣಗಳಲ್ಲಿ ಮೂಲದ ಸುತ್ತ 11ನೆಯ ಶತಮಾನದ ರಾಶಿ ಮೊದಲಾದವರ ಟೀಕೆಗಳು ಒಂದೇ ಪುಟದಲ್ಲಿರುತ್ತವೆ. ಇಬ್ಬರು ಜೊತೆಯಾಗಿ ಕುಳಿತು ವಾದಿಸುತ್ತ ಓದುವುದು ಅಲ್ಲಿಯ ಸಂಪ್ರದಾಯ. ಟೀಕಾಕಾರರ ಭಿನ್ನಾಭಿಪ್ರಾಯವನ್ನು ಅಳಿಸದೆ ಉಳಿಸಿಕೊಳ್ಳುವುದು ಇದರ ದೊಡ್ಡ ಗುಣ.

ಓದುಗರ ಸ್ಥಾನ

1807ರಲ್ಲಿ ಲಂಡನ್ನಿನಲ್ಲಿ, ಬ್ರಿಟಿಷ್ ವೆಸ್ಟ್ ಇಂಡೀಸಿನ ಗುಲಾಮರಿಗೆಂದೇ ಆಯ್ದ ಭಾಗಗಳ ಬೈಬಲೊಂದು ಮುದ್ರಣವಾಯಿತು. ಯೋಸೇಫನು ಗುಲಾಮನಾಗಿ ಮಾರಲ್ಪಟ್ಟ ಕಥೆ ಅದರಲ್ಲಿತ್ತು. ಇಸ್ರಾಯೇಲ್ಯರು ಐಗುಪ್ತದ ದಾಸ್ಯದಿಂದ ಬಿಡುಗಡೆ ಹೊಂದಿದ ಕಥೆ ಇರಲಿಲ್ಲ. ಕೈಬಿಟ್ಟವರಿಗೆ ಆ ಕಥೆಯ ಶಕ್ತಿ ಚೆನ್ನಾಗಿ ತಿಳಿದಿತ್ತು. ಅಮೆರಿಕದ ಕಪ್ಪು ಜನರು ಅದೇ ಕಥೆಯನ್ನು ತಮ್ಮ ಹಾಡುಗಳಲ್ಲಿ ತಮ್ಮದಾಗಿಸಿಕೊಂಡರು.

ಓದುಗರು ಯಾವ ಸಾಮಾಜಿಕ ಸ್ಥಾನದಿಂದ ಓದುತ್ತಾರೆ ಎಂಬುದು 1970ರ ದಶಕದಿಂದೀಚೆಗೆ ಅಧ್ಯಯನದ ವಿಷಯವೇ ಆಯಿತು. ಪೆರು ದೇಶದ ಗುಸ್ತಾವೊ ಗುಟಿಯೆರೆಸ್ 1971ರಲ್ಲಿ ವಿಮೋಚನಾ ದೈವಶಾಸ್ತ್ರದ ಕೃತಿಯನ್ನು ಪ್ರಕಟಿಸಿದರು. ನಿಕರಾಗುವದ ಸೊಲೆಂತಿನಾಮೆ ದ್ವೀಪಗಳಲ್ಲಿ ಕವಿ-ಪಾದ್ರಿ ಎರ್ನೆಸ್ತೊ ಕಾರ್ದೆನಾಲ್, ರೈತರೂ ಮೀನುಗಾರರೂ ಸುವಾರ್ತೆಯನ್ನು ಕುರಿತು ಆಡಿದ ಮಾತುಗಳನ್ನು ದಾಖಲಿಸಿದರು. ದಕ್ಷಿಣ ಆಫ್ರಿಕದಲ್ಲಿ ಹೆಂಗಸರ ಗುಂಪುಗಳು ಎರಡನೆಯ ಸಮುವೇಲ ಗ್ರಂಥದ ತಾಮಾರಳ ಕಥೆಯನ್ನು ಓದಿ ಚರ್ಚಿಸಿದವು. ಮಲಸಹೋದರನಿಂದಲೇ ಅತ್ಯಾಚಾರಕ್ಕೊಳಗಾದ ಈ ರಾಜಕುಮಾರಿಯ ಪ್ರಸಂಗವನ್ನು ಭಾನುವಾರದ ಪಾಠಗಳಲ್ಲಿ ಕೇಳುವುದು ಅಪರೂಪ. ಅದನ್ನು ಓದಿದ ಹೆಂಗಸರು ತಮ್ಮ ಮನೆಗಳ ಹಿಂಸೆಯ ಬಗ್ಗೆ ಮಾತನಾಡತೊಡಗಿದರು. ಅದು ಮುಂದೆ ತಾಮಾರಳ ಹೆಸರಿನ ಆಂದೋಲನವೇ ಆಯಿತು.

ಭಾರತದಲ್ಲಿ ಈ ಬಗೆಯ ಓದಿನ ಒಂದು ಮುಖ್ಯ ಘಟ್ಟ ಬೆಂಗಳೂರಿನದು. 1981ರಲ್ಲಿ ಇಲ್ಲಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಮಾಡಿದ ಭಾಷಣವನ್ನು ದಲಿತ ದೈವಶಾಸ್ತ್ರದ ಆರಂಭವೆಂದು ಗುರುತಿಸುತ್ತಾರೆ. ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದಲ್ಲಿ ಅಲೆಮಾರಿ ಪೂರ್ವಿಕನನ್ನೂ ದಾಸ್ಯದ ದಿನಗಳನ್ನೂ ನೆನೆಯುವ ಅರಿಕೆಯನ್ನು ಅವರು ಮುಂದೆ ದಲಿತ ಕ್ರೈಸ್ತರ ಚರಿತ್ರೆಯೊಂದಿಗೆ ಇಟ್ಟು ಓದಿದರು.

ವಿಮೋಚನೆಯ ಓದಿಗೂ ಆಕ್ಷೇಪಗಳುಂಟು. ಅಮೆರಿಕದ ಓಸೇಜ್ ಮೂಲನಿವಾಸಿ ಸಮುದಾಯದ ವಿದ್ವಾಂಸ ರಾಬರ್ಟ್ ಆಲನ್ ವಾರಿಯರ್ 1989ರ ಲೇಖನವೊಂದರಲ್ಲಿ, ಐಗುಪ್ತದಿಂದ ಬಿಡುಗಡೆಯಾದವರು ಮುಂದೆ ಕಾನಾನ್ಯರ ನೆಲವನ್ನು ಆಕ್ರಮಿಸಿದುದನ್ನು ನೆನಪಿಸಿ, ನೆಲ ಕಳೆದುಕೊಂಡ ತನ್ನ ಜನ ಆ ಕಥೆಯಲ್ಲಿ ಕಾನಾನ್ಯರ ಜಾಗದಲ್ಲಿದ್ದಾರೆ ಎಂದರು. ಈ ಆಕ್ಷೇಪಕ್ಕೆ ಸುಲಭದ ಉತ್ತರ ಇನ್ನೂ ದೊರೆತಿಲ್ಲ.

ನಿತ್ಯದ ಓದು ಮತ್ತು ಸಾಧನಗಳು

ಕಥೋಲಿಕ ಸಭೆಯಲ್ಲಿ 1969ರಿಂದ ಭಾನುವಾರದ ಪಾಠಗಳು ಮೂರು ವರ್ಷಗಳ ಚಕ್ರದಲ್ಲಿ ನಡೆಯುತ್ತವೆ. ಓದು, ಮನನ, ಪ್ರಾರ್ಥನೆ, ಧ್ಯಾನ ಎಂಬ ನಾಲ್ಕು ಮೆಟ್ಟಿಲುಗಳ ಹಳೆಯ ಸನ್ಯಾಸಿ ಕ್ರಮವು ಸಾಮಾನ್ಯ ಭಕ್ತರಲ್ಲೂ ಪ್ರಚಾರ ಪಡೆದಿದೆ. ಪ್ರೊಟೆಸ್ಟೆಂಟ್ ಗುಂಪುಗಳಲ್ಲಿ ವಾಕ್ಯವು ಏನು ಹೇಳುತ್ತದೆ, ಅದರ ಅರ್ಥವೇನು, ನನಗೆ ಅನ್ವಯವೇನು ಎಂಬ ಮೂರು ಪ್ರಶ್ನೆಗಳ ಅಧ್ಯಯನ ಸಾಮಾನ್ಯ. ಹೊಸಬರು ಮೂರನೆಯ ಪ್ರಶ್ನೆಗೆ ಬೇಗ ಹಾರುತ್ತಾರೆ. ಮೊದಲನೆಯದರಲ್ಲೇ ಹೆಚ್ಚು ಹೊತ್ತು ನಿಲ್ಲುವುದು ಒಳ್ಳೆಯದು.

2008ರಲ್ಲಿ ಆರಂಭವಾದ ಯೂವರ್ಷನ್‌ನಂಥ ಮೊಬೈಲ್ ಅನ್ವಯಗಳು ಕನ್ನಡವೂ ಸೇರಿದಂತೆ ನೂರಾರು ಭಾಷೆಗಳ ಪಾಠವನ್ನು ಉಚಿತವಾಗಿ ಕೊಡುತ್ತವೆ. ದಿನಕ್ಕೊಂದು ವಚನವನ್ನು ಚಿತ್ರದೊಡನೆ ಕಳುಹಿಸುವ ಸೌಲಭ್ಯವೂ ಇದೆ. ವಚನವು ತನ್ನ ಸಂದರ್ಭದಿಂದ ಬೇರ್ಪಡುವ ತೊಂದರೆ ಇದರಿಂದ ಹೆಚ್ಚಿದೆ. ಆದರೆ ಅದೇ ಸಾಧನದಲ್ಲಿ ಎರಡು ಅನುವಾದಗಳನ್ನು ಅಕ್ಕಪಕ್ಕ ತೆರೆದು ಹೋಲಿಸಲೂ ಬರುತ್ತದೆ. ಲಂಡನ್, ಲೈಪ್‌ಝಿಗ್, ಸೇಂಟ್ ಪೀಟರ್ಸ್‌ಬರ್ಗ್ ಮತ್ತು ಸಿನಾಯಿ ಬೆಟ್ಟದ ಸಂತ ಕ್ಯಾಥರೀನರ ಮಠ ಎಂಬ ನಾಲ್ಕು ಕಡೆ ಹಂಚಿಹೋಗಿದ್ದ ಸಿನಾಯಿಟಿಕಸ್ ಪ್ರತಿಯ ಹಾಳೆಗಳನ್ನು 2009ರಲ್ಲಿ ಅಂತರಜಾಲದಲ್ಲಿ ಒಂದುಗೂಡಿಸಲಾಯಿತು. ಮಾರ್ಕನ ಸುವಾರ್ತೆ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ, ಆ ಅಂಕಣದ ಕೆಳಗೆ ಲಿಪಿಕಾರನು ಬಿಟ್ಟ ಖಾಲಿ ಜಾಗವನ್ನೂ ಅಲ್ಲಿ ಯಾರು ಬೇಕಾದರೂ ನೋಡಬಹುದು.